ಪದಚರ್ಚೆ: ತೈವಾನಿನ ‘ಕೊಕುಗೊ’, ‘ವೇ-ಬೂನ್’

ಪ್ರಶ್ನೆ: ಜಪಾನೀಯರು ಆಳುತ್ತಿದ್ದ ಕಾಲದ (1895–1945) ತೈವಾನಿನ ಬಗೆಗಿನ ಅನುವಾದದಲ್ಲಿ ‘ಕೊಕುಗೊ’ ಬಂದಲ್ಲೆಲ್ಲ ‘ರಾಷ್ಟ್ರಭಾಷೆ’ ಎಂದು ಹಾಕಬಹುದೇ? ‘ವೇ-ಬೂನ್’ ಎಂದರೆ ಆಡುಭಾಷೆ ತಾನೇ?

ಉತ್ತರ: ದಯವಿಟ್ಟು ‘ರಾಷ್ಟ್ರಭಾಷೆ’ ಬೇಡ. ‘ಕೊಕುಗೊ’ ಎಂಬುದು ನಾಡು, ನುಡಿ ಎಂಬ ಎರಡು ಚೀನೀ ಅಕ್ಷರಗಳ ಪದ. ತೈವಾನಿನಲ್ಲಿ 1945ರವರೆಗೆ ಅದರ ಅರ್ಥ ಜಪಾನಿ. ಆಮೇಲೆ ಚೀನಾ ಸರಕಾರ ಬಂತು, ಅವೇ ಅಕ್ಷರಗಳನ್ನು ‘ಗುವೊಯು’ ಎಂದು ಓದಿತು, ಅರ್ಥ ಮ್ಯಾಂಡರಿನ್ ಆಯಿತು. 1937ರ ಏಪ್ರಿಲ್‌ನಲ್ಲಿ ಪತ್ರಿಕೆಗಳ ಚೀನೀ ಅಂಕಣಗಳು ನಿಂತವು, 1946ರ ಅಕ್ಟೋಬರ್‌ನಲ್ಲಿ ಜಪಾನಿ ಅಂಕಣಗಳು. ಜನ ಮನೆಯಲ್ಲಾಡುವ ಹೊಕ್ಲೊ, ಹಕ್ಕಾ, ಮೂಲನಿವಾಸಿಗಳ ನುಡಿಗಳು ಎರಡು ಸಲವೂ ಹೊರಗೇ ಉಳಿದವು. ‘ರಾಷ್ಟ್ರಭಾಷೆ’ ಎಂದ ಕೂಡಲೇ ನಮ್ಮ ಓದುಗರಿಗೆ ಹಿಂದಿ ನೆನಪಾಗುತ್ತದೆ, ಈ ಸಂಗತಿ ಮರೆಯಾಗುತ್ತದೆ. ಮೂಲಪದವನ್ನೇ ಉಳಿಸಿ, ಮೊದಲ ಸಲ ‘ಕೊಕುಗೊ, ಅಂದರೆ ಜಪಾನಿ’ ಎಂದು ಬಿಡಿಸಿ ಹೇಳಿ. ಮನೆಮಂದಿಯೆಲ್ಲ ಜಪಾನಿ ಆಡಿದರೆ ಸರಕಾರ ಬಾಗಿಲಿಗೆ ಹಾಕಿಸುತ್ತಿದ್ದ ಫಲಕದ ‘ಕೊಕುಗೊ ಮನೆತನ’ವನ್ನೂ ಹಾಗೆಯೇ ಬಿಡಿ.

ಇನ್ನು ‘ವೇ-ಬೂನ್’. ಇದು ಹೊಕ್ಲೊ ಪದ: ‘ವೇ’ ಮಾತು, ‘ಬೂನ್’ ಬರಹ. ‘ಆಡುಭಾಷೆ’ ಎಂದರೆ ಬರಹವೇ ಬಿದ್ದುಹೋಗುತ್ತದೆ. 1930ರಲ್ಲಿ ಲೇಖಕ ಹುವಾಂಗ್ ಶಿಹುಯಿ, 1931ರಲ್ಲಿ ಲೇಖಕ ಗುವೊ ಚಿಯುಶೆಂಗ್ ಎತ್ತಿದ ವಾದವಿದ್ದದ್ದೇ ಬರಹದ ಮೇಲೆ: ಜನರಾಡುವ ನುಡಿಯಲ್ಲೇ ಬರೆಯಬೇಕು ಎಂದು. ‘ಆಡುನುಡಿಯ ಬರಹ’ ಸರಿಹೊಂದುತ್ತದೆ. ಮ್ಯಾಂಡರಿನ್ ಗದ್ಯವೇ ಸಾಕು, ಚೀನಾದವರಿಗೂ ತಿಳಿಯುತ್ತದೆ ಎಂಬುದು ಎದುರಾಳಿಗಳ ಮಾತು.

ಹೊಕ್ಲೊ ನುಡಿಯನ್ನು ಚೀನೀ ಅಕ್ಷರದಲ್ಲಿ ಬರೆಯುವ ತೊಡಕು ಎಲ್ಲಿತ್ತೆಂದರೆ, ‘ಮನುಷ್ಯ’ ಎಂಬ ಅಕ್ಷರವನ್ನು ಗ್ರಂಥದ ಓದಿನಲ್ಲಿ ‘ಜಿನ್’ ಎನ್ನುತ್ತಾರೆ, ಬಾಯಿಮಾತಿನಲ್ಲಿ ‘ಲಾಂಗ್’. ಅರ್ಥ ನೋಡಿ ಆ ಅಕ್ಷರ ಬರೆದರೆ ಓದುವವನು ‘ಜಿನ್’ ಅಂದುಬಿಡಬಹುದು. ಉಚ್ಚಾರ ನೋಡಿ ಬೇರೆ ಅಕ್ಷರ ಹಾಕಿದರೆ ಅರ್ಥ ತಪ್ಪುತ್ತದೆ. ಗುವೊ ಅವರು ಹೊಸ ಅಕ್ಷರ ಕಟ್ಟಲೂ ಸಿದ್ಧರಿದ್ದರು, ಆದರೆ ಮುದ್ರಣಾಲಯದಲ್ಲಿ ಆ ಅಚ್ಚುಮೊಳೆ ಇರಬೇಕಲ್ಲ! ಚಳವಳಿಗಾರ ತ್ಸೈ ಪೇಹುವೊ ಹಿಡಿದದ್ದು ರೋಮನ್ ಲಿಪಿಯ ದಾರಿ. ತೈನಾನಿನ ಚರ್ಚ್ ಪತ್ರಿಕೆ 1885ರಿಂದಲೇ ಆ ಲಿಪಿಯಲ್ಲಿ ಬರುತ್ತಿತ್ತು. ಅದು ಕಲಿಯಲು ಸುಲಭ, ಆದರೆ ದನಿಯ ಏರಿಳಿತದ (ಟೋನ್) ಗುರುತು ಬಿಟ್ಟರೆ ಕೆಡುತ್ತದೆ: ಗುರುತಿಲ್ಲದ ‘ತಾಂಗ್’ ಮೂಡಣ, ಟೋಪಿ ಗುರುತಿದ್ದರೆ ತಾಮ್ರ, ಅಡ್ಡಗೆರೆಯಿದ್ದರೆ ಭಾರ.

ಕನ್ನಡ ಲಿಪಿಯಲ್ಲಿ ಈ ಮೂರೂ ಒಂದೇ ‘ತಾಂಗ್’. ಹಾಗಾಗಿ ಉದಾಹರಣೆ ಕೊಟ್ಟ ಕಡೆಯೆಲ್ಲ ಪಕ್ಕದಲ್ಲೇ ಅರ್ಥ ಬರೆಯಿರಿ, ಅಡಿಟಿಪ್ಪಣಿಗೆ ತಳ್ಳಬೇಡಿ.