ಗುಳೆಯಿಂದ ಬಂದ ಹೆಣ್ಮಕ್ಕಳಿಗೆ ಓದು-ಬರಹ: ಎಲ್ಲಿಂದ ಶುರು ಮಾಡಬೇಕು?

ಅರಿವು ಕೇಂದ್ರ (ಗ್ರಾಮ ಪಂಚಾಯಿತಿ ಗ್ರಂಥಾಲಯ), ದೇವದುರ್ಗ ತಾಲ್ಲೂಕು
ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದವರು ಮುಂಗಾರಿಗೆ ಊರಿಗೆ ಬಂದಿದ್ದಾರೆ. ಸಂಜೆ ತರಗತಿಗೆ 18 ಹೆಣ್ಮಕ್ಕಳು ಹೆಸರು ಕೊಟ್ಟಿದ್ದಾರೆ. 14 ಜನಕ್ಕೆ ಅಕ್ಷರವೇ ಗೊತ್ತಿಲ್ಲ, ನಾಲ್ವರು 7ನೇ ತರಗತಿಗೆ ಶಾಲೆ ಬಿಟ್ಟವರು. ಅ ಆ ಇ ಈ ಶುರು ಮಾಡಿದ ಎರಡೇ ವಾರಕ್ಕೆ ಅರ್ಧ ಜನ ಬರೋದು ನಿಲ್ಲಿಸಿದರು. ಸುಗ್ಗಿ ಮುಗಿದರೆ ಮತ್ತೆ ಹೊರಡುತ್ತಾರೆ.

ಪ್ರೇರಕಿ (ಸಾಕ್ಷರತಾ ಕಾರ್ಯಕರ್ತೆ)
ವರ್ಣಮಾಲೆ ಬಿಡಿ ಮೇಡಂ. ರ ಗ ಸ ದ ಅ ಇಂದ ಶುರು ಮಾಡಿ. ಮೊದಲ ದಿನವೇ ಸರ, ದರ, ಅಗಸ ಓದಿಸಬಹುದು. ಆಮೇಲೆ ಜ ವ ಮ ಬ ನ: ಬಸವ, ಜನ, ಮನ. ಕಾಗುಣಿತ ಗಟ್ಟಿಯಾಗುವ ತನಕ ಒತ್ತಕ್ಷರ ಬೇಡ. ಆದರೆ ನಮ್ಮ ಕಡೆ ಯಲ್ಲಮ್ಮ, ಹುಲಿಗೆಮ್ಮ ಅಂತ ಹೆಸರೆಲ್ಲ ‘ಮ್ಮ’ದಲ್ಲೇ ಮುಗಿಯುವುದರಿಂದ ಅದೊಂದನ್ನು ಮೊದಲ ವಾರವೇ ಚಿತ್ರ ಬಿಡಿಸಿದ ಹಾಗೆ ಕಲಿಸಿ. ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವರು ತರಗತಿ ಬಿಡುವುದು ಕಡಿಮೆ.

ಇನ್ನೊಂದು, 40 ದಾಟಿದವರು ಪುಸ್ತಕ ದೂರ ಹಿಡಿಯುತ್ತಾರಾ ನೋಡಿ. ‘ತಲೆಗೆ ಹತ್ತಲ್ಲ’ ಅನ್ನುವವರಲ್ಲಿ ಹಲವರಿಗೆ ಬೇಕಾಗಿರುವುದು ಚಾಳೀಸು.

ಲೆಕ್ಕದ ಮೇಷ್ಟ್ರು
ಬಾಯಿಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಕೂಡು-ಕಳೆ ಕಲಿಸಲು ಹೋಗಬೇಡಿ, ಬರೆದಿಡುವುದನ್ನು ಕಲಿಸಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಂಬಸಾಲು: ತಾರೀಖು, ಕೂಲಿ, ಮುಂಗಡ, ಬಾಕಿ. ದಿನಕ್ಕೆ 450ರಂತೆ 26 ಹಾಜರಿಗೆ 11,700. ಮುಂಗಡ 5,000 ಕಳೆದರೆ ಬಾಕಿ 6,700. ಮೇಸ್ತ್ರಿ ಹೇಳಿದ ಬಾಕಿಗೂ ಇದಕ್ಕೂ ತಾಳೆ ನೋಡುವುದೇ ಪರೀಕ್ಷೆ. ಈ ಹಾಜರಿ ಪುಸ್ತಕ ಜೋಪಾನವಾಗಿರಲಿ, ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದು ತೋರಿಸಬೇಕು. ಮೊಬೈಲಿನಲ್ಲಿರುವ 1, 2, 3 ಮೊದಲು ಬರಲಿ, ೧, ೨, ೩ ಆಮೇಲೆ.

ಮುಕ್ತ ಶಾಲೆ
ಶಾಲೆ ಬಿಟ್ಟ ಆ ನಾಲ್ವರನ್ನು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹತ್ತನೇ ತರಗತಿಗೆ ಸೇರಿಸಿ. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ನೋಂದಣಿ 5 ವರ್ಷ ನಡೆಯುತ್ತದೆ, ಒಂದೊಂದೇ ವಿಷಯ ಪಾಸು ಮಾಡಿಕೊಂಡು ಹೋಗಬಹುದು. ಪರೀಕ್ಷೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಎರಡನೆಯದನ್ನೇ ಹಿಡಿಯಿರಿ, ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿರುತ್ತಾರೆ. ಶುಲ್ಕ ಕಟ್ಟುವ ಮೊದಲು ಯಾವ ವಿಷಯಕ್ಕೆ ಯಾವ ಮಾಧ್ಯಮದ ಪುಸ್ತಕ ಸಿಗುತ್ತದೆ ಕೇಳಿಕೊಳ್ಳಿ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ಟಿ.ಸಿ.ಯಲ್ಲಿ ಇನ್ನೊಂದು ಇದ್ದರೆ ಮೊದಲು ಸರಿ ಮಾಡಿಸಿ. ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ.

ಪ್ರೇರಕಿ
ಉಳಿದ 14 ಜನಕ್ಕೆ ಉಲ್ಲಾಸ್ (ಕೇಂದ್ರ ಸರ್ಕಾರದ ವಯಸ್ಕರ ಸಾಕ್ಷರತಾ ಯೋಜನೆ) ಪರೀಕ್ಷೆ ಇದೆ: ಓದು, ಬರಹ, ಲೆಕ್ಕ ತಲಾ 50 ಅಂಕ. ರಾತ್ರಿ 7ರಿಂದ 9, ವಾರಕ್ಕೆ ಆರು ದಿನ ಅಂದರೆ 17 ವಾರಕ್ಕೆ 204 ಗಂಟೆ ಸಿಗುತ್ತದೆ. ಕಳೆ ತೆಗೆಯುವ ವಾರಗಳಲ್ಲಿ ಹೊಸ ಪಾಠ ಬೇಡ. ಕೂಸಿನ ಮನೆ (ಪಂಚಾಯಿತಿಯ ಶಿಶುಪಾಲನಾ ಕೇಂದ್ರ) ಆ ಹೊತ್ತಿಗೆ ಮುಚ್ಚಿರುತ್ತದೆ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಅಜ್ಜಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.