ಹಿತ್ತಲಿಗೆ ಕಾಡುಹಂದಿ ಬರ್ತಿವೆ, ರಾತ್ರಿ ನಾಯಿ ಬಿಡಬಹುದಾ?

ಪ್ರಶ್ನೆ:
ನಮ್ಮದು ಊರಾಚೆಯ ಒಂಟಿ ಮನೆ. ಈಚೆಗೆ ರಾತ್ರಿ ಹೊತ್ತು ಹಿತ್ತಲಿಗೆ ಕಾಡುಹಂದಿಗಳು ನುಗ್ಗುತ್ತಿವೆ. ಬೆಳಿಗ್ಗೆ ನೋಡಿದರೆ ನೆಲವೆಲ್ಲ ನೇಗಿಲು ಹೊಡೆದ ಹಾಗಿರುತ್ತದೆ. ಬೇಲಿ ಪಕ್ಕದ ಮರಕ್ಕೆ ಮೊಣಕಾಲೆತ್ತರದವರೆಗೆ ಕೆಸರು ಮೆತ್ತಿದೆ, ಅದರಲ್ಲಿ ಒರಟು ಕೂದಲು ಅಂಟಿವೆ. ನಿನ್ನೆ ಕತ್ತಲಾದ ಮೇಲೆ ಅಮ್ಮ ಮುಸುರೆ ಚೆಲ್ಲಲು ಹೋದರೆ, ಎದುರಿಗೇ ಒಂದು ಹೆಣ್ಣು ಹಂದಿ, ಜೊತೆಗೆ ಮೈಮೇಲೆ ಪಟ್ಟೆ ಇರುವ ಮರಿಗಳು. ಬುಸ್ ಎಂದು ಬೆನ್ನಿನ ಕೂದಲು ನಿಮಿರಿಸಿ ನಿಂತಿತಂತೆ. ಅಮ್ಮ ಮೆಲ್ಲಗೆ ಹಿಂದೆ ಸರಿದರು, ಅದು ಮರಿಗಳ ಜೊತೆ ಹೊರಟುಹೋಯಿತು. ರಾತ್ರಿ ನಾಯಿಯನ್ನು ಹೊರಗೆ ಬಿಡೋಣ ಅಂತಾನೆ ತಮ್ಮ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ.

ಉತ್ತರ 1:
ದಯವಿಟ್ಟು ನಾಯಿ ಬಿಡಬೇಡಿ. ನಾಯಿ ಅಟ್ಟಿಸಿಕೊಂಡು ಹೋಗುತ್ತದೆ. ಹಂದಿ ತಿರುಗಿಬಿದ್ದರೆ ಓಡಿ ಬರುವುದು ನಿಮ್ಮ ಕಾಲ ಬುಡಕ್ಕೇ, ಹಿಂದೆಯೇ ಹಂದಿ! ಗಂಡಿನ ಕೋರೆ ಕೆಳಗಿನಿಂದ ಮೇಲಕ್ಕೆ ಸೀಳುತ್ತದೆ. ಅದರ ತಲೆ ಇರುವ ಎತ್ತರಕ್ಕೆ ಪೆಟ್ಟು ಬೀಳುವುದು ನಮ್ಮ ಕಾಲಿಗೆ, ತೊಡೆಗೆ. ತೊಡೆ ಸೀಳಿದರೆ ರಕ್ತ ನಿಲ್ಲಿಸುವುದೇ ಕಷ್ಟ. ಜೊತೆಗೆ ಹಂದಿಗಳಿಂದ ನಾಯಿಗೆ ಆಜೆಸ್ಕಿ ಎಂಬ ಕಾಯಿಲೆ ಅಂಟಬಹುದು, ಬಂದರೆ ಉಳಿಯುವುದು ತೀರಾ ಅಪರೂಪ.

ನಿಮ್ಮ ಅಮ್ಮ ಮಾಡಿದ್ದೇ ಸರಿ. ಹಂದಿಗೆ ಕಣ್ಣು ಮಂದ, ಮೂಗು ಮತ್ತು ಕಿವಿ ಚುರುಕು. ಹಾಗಾಗಿ ಹಿತ್ತಲ ಬಾಗಿಲು ತೆಗೆಯುವ ಮುಂಚೆ ದೀಪ ಹಾಕಿ, ಜೋರಾಗಿ ಮಾತಾಡಿ. ಸದ್ದು ಕೇಳಿದರೆ ಸಾಮಾನ್ಯವಾಗಿ ಅವೇ ಜಾಗ ಖಾಲಿ ಮಾಡುತ್ತವೆ. ಎದುರಾದರೆ ಮರಿಗೂ ತಾಯಿಗೂ ನಡುವೆ ಸಿಕ್ಕಿಕೊಳ್ಳಬೇಡಿ, ಅದು ಹೋಗುವ ದಾರಿ ಬಿಟ್ಟುಕೊಡಿ. ಮೈಮೇಲೆ ಬಂದೇಬಿಟ್ಟರೆ ಓಡಿ ಗೆಲ್ಲಲಾಗುವುದಿಲ್ಲ. ಮರ, ಗೋಡೆ, ಗಾಡಿ, ಎದೆಮಟ್ಟದ ಏನು ಸಿಕ್ಕರೂ ಹತ್ತಿಬಿಡಿ.

ಉತ್ತರ 2:
ಮುಸುರೆ ಚೆಲ್ಲುವ ಜಾಗದಲ್ಲೇ ಹಂದಿ ಸಿಕ್ಕಿದೆ ಅಲ್ವಾ? ಮೊದಲು ಅದನ್ನು ನಿಲ್ಲಿಸಿ. ಉದುರಿದ ಹಣ್ಣು, ನಾಯಿ ತಿಂದು ಬಿಟ್ಟ ಅನ್ನ, ಮುಚ್ಚದ ಗೊಬ್ಬರದ ಗುಂಡಿ, ಇವೆಲ್ಲ ಕತ್ತಲಾಗುವ ಮುಂಚೆ ಚೊಕ್ಕ ಆಗಬೇಕು. ನೆಲ ಅಗೆಯುವುದು ಎರೆಹುಳು, ಗೆಡ್ಡೆಗಳಿಗಾಗಿ. ಅದಕ್ಕೆ ಬೇಲಿಯೇ ಬೇಕು. ಜಾಲರಿ ಹಾಕಿದರೆ ಬುಡವನ್ನು ಮಣ್ಣಿನೊಳಗೆ ಇಳಿಸಿ, ಇಲ್ಲದಿದ್ದರೆ ಮೂತಿ ತೂರಿಸಿ ಎತ್ತಿಬಿಡುತ್ತವೆ. ಸೋಲಾರ್ ಬೇಲಿಯಾದರೆ ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲೆ ಬೇಡ, ಮೂತಿಗೇ ತಗಲಬೇಕು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡಲೇಬೇಡಿ, ಮನುಷ್ಯರೇ ಸಾಯುತ್ತಾರೆ.

ಪ್ರಶ್ನೆ ಕೇಳಿದವರು:
ನಾಯಿಯನ್ನು ಇವತ್ತಿನಿಂದ ಒಳಗೇ ಕಟ್ಟುತ್ತೇವೆ. ಮರಿಗಳಲ್ಲಿ ಒಂದು ಕುಂಟುತ್ತಿತ್ತಂತೆ, ಒಂಟಿಯಾಗಿ ಸಿಕ್ಕರೆ ಎತ್ತಿಕೊಳ್ಳಬಹುದಾ?

ಉತ್ತರ 1:
ಬೇಡ. ಅದು ಕಿರುಚಿದರೆ ತಾಯಿ ನುಗ್ಗಿ ಬರುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ, ನೀವು ಮುಟ್ಟಬೇಡಿ.