ವಿಂಡೋಸ್ ಶಟ್‌ಡೌನ್ ಮಾಡಿ ಲಿನಕ್ಸ್‌ಗೆ ಬಂದರೆ ಡಿ ಡ್ರೈವ್‌ನಲ್ಲಿ ಏನೂ ಸೇವ್ ಆಗ್ತಿಲ್ಲ

ಅಳಿಲು:
ಎಲ್ಲರಿಗೂ ನಮಸ್ಕಾರ. ನನ್ನ ಕಂಪ್ಯೂಟರಿನ ಒಂದೇ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 11 ಮತ್ತು ಲಿನಕ್ಸ್ ಮಿಂಟ್ ಎರಡೂ ಇವೆ. ಫೋಟೊಗಳು, ಓದಿನ ಫೈಲುಗಳು ಎರಡೂ ಕಡೆ ಸಿಗಲಿ ಅಂತ ಬೇರೆ ಒಂದು ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಮ್) ಪಾರ್ಟಿಷನ್ ಮಾಡಿ ಅದರಲ್ಲಿ ಇಟ್ಟಿದ್ದೇನೆ, ವಿಂಡೋಸ್‌ನಲ್ಲಿ ಅದು ಡಿ ಡ್ರೈವ್. ಮಿಂಟ್‌ನಲ್ಲಿ ಅದು ತೆರೆಯುತ್ತೆ, ಫೈಲ್ ಓದೋಕೂ ಬರುತ್ತೆ. ಸೇವ್ ಮಾಡೋಕೆ ಹೋದರೆ ಮಾತ್ರ ‘ರೀಡ್ ಓನ್ಲಿ’ ಅನ್ನುತ್ತೆ. ಒಂದೊಂದು ಸಲ ಯಾವ ತಕರಾರೂ ಇಲ್ಲದೆ ಸೇವ್ ಆಗುತ್ತೆ, ಅದೇ ಅರ್ಥವಾಗ್ತಿಲ್ಲ. ಹುಡುಕಿದಾಗ ‘ಎನ್‌ಟಿಎಫ್‌ಎಸ್‌ಫಿಕ್ಸ್ ಅನ್ನೋ ಲಿನಕ್ಸ್ ಕಮಾಂಡ್ ಓಡಿಸಿ, ಸರಿಹೋಗುತ್ತೆ’ ಅಂತ ಸಿಕ್ತು. ಆ ಫೋಟೊಗಳಿಗೆ ಬೇರೆ ಪ್ರತಿ ಇಲ್ಲ, ಹಾಗಾಗಿ ಕೇಳದೆ ಕೈ ಹಾಕಿಲ್ಲ. ಓಡಿಸಬಹುದಾ?

ಕೀಲಿಮಣೆ:
ಸದ್ಯಕ್ಕೆ ಬೇಡ. ಮೊದಲು ಒಂದು ವಿಷಯ ಹೇಳಿ. ಸರಿಯಾಗಿ ಸೇವ್ ಆದಾಗೆಲ್ಲ ವಿಂಡೋಸ್‌ನಿಂದ ಹೇಗೆ ಹೊರಗೆ ಬಂದಿದ್ರಿ? ಶಟ್‌ಡೌನ್ ಕೊಟ್ಟು ಆಮೇಲೆ ಆನ್ ಮಾಡಿದ್ರಾ, ಅಥವಾ ರೀಸ್ಟಾರ್ಟ್ ಕೊಟ್ಟು ಮೆನುವಿನಲ್ಲಿ ಮಿಂಟ್ ಆರಿಸಿದ್ರಾ?

ಅಳಿಲು:
ಈಗ ಎರಡೂ ಮಾಡಿ ನೋಡಿದೆ. ರೀಸ್ಟಾರ್ಟ್ ಕೊಟ್ಟು ಬಂದರೆ ಸೇವ್ ಆಗುತ್ತೆ. ಶಟ್‌ಡೌನ್ ಮಾಡಿ ಬಂದರೆ ಆಗಲ್ಲ. ಪೂರ್ತಿ ಆಫ್ ಮಾಡಿದಾಗಲೇ ತೊಂದರೆ ಬರೋದು ಹೇಗೆ?

ಕೀಲಿಮಣೆ:
ಅದು ಪೂರ್ತಿ ಆಫ್ ಆಗ್ತಿಲ್ಲ, ಅಲ್ಲೇ ಇರೋದು ಗಂಟು. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಅಂತ ಒಂದು ಸೌಲಭ್ಯ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ನೀವು ತೆರೆದಿದ್ದ ಪ್ರೋಗ್ರಾಂಗಳೆಲ್ಲ ಮುಚ್ಚುತ್ತವೆ, ಆದರೆ ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿರುವ ಹೈಬರ್ನೇಟ್ ಫೈಲಿಗೆ ಹೋಗಿ ಕೂರುತ್ತೆ. ಮುಂದಿನ ಸಲ ಆನ್ ಮಾಡಿದಾಗ ಅಲ್ಲಿಂದಲೇ ಎತ್ತಿಕೊಂಡು ಬೇಗ ಶುರುವಾಗುತ್ತೆ. ರೀಸ್ಟಾರ್ಟ್‌ಗೆ ಇದು ಅನ್ವಯಿಸಲ್ಲ, ಅದರಲ್ಲಿ ಎಲ್ಲವನ್ನೂ ಮುಚ್ಚಿ ಹೊಸದಾಗಿ ಶುರು ಮಾಡುತ್ತೆ. ನಿಮಗೆ ಕಂಡ ವ್ಯತ್ಯಾಸಕ್ಕೆ ಇದೇ ಕಾರಣ.

ಹಾಗೆ ಅರೆನಿದ್ದೆಯಲ್ಲಿರುವ ವಿಂಡೋಸ್, ಡಿ ಡ್ರೈವ್‌ನ ಯಾವ ಫೈಲ್ ಎಲ್ಲಿದೆ ಅನ್ನೋ ಲೆಕ್ಕವನ್ನೂ ತನ್ನ ನೆನಪಿನಲ್ಲೇ ಇಟ್ಟುಕೊಂಡಿರುತ್ತೆ. ಈ ಮಧ್ಯೆ ಮಿಂಟ್ ಅಲ್ಲಿ ಹೊಸ ಫೈಲ್ ಬರೆದರೆ, ವಿಂಡೋಸ್ ಎದ್ದ ಮೇಲೆ ತನ್ನ ಹಳೇ ಲೆಕ್ಕವನ್ನೇ ನಂಬಿ ಅದರ ಮೇಲೆ ಬರೆದುಬಿಡಬಹುದು. ಫೈಲ್ ಸಿಸ್ಟಮ್ ಕೆಡೋದು ಹೀಗೇ. ಅದಕ್ಕೇ ಲಿನಕ್ಸ್‌ನಲ್ಲಿ ಇಂಥ ಡ್ರೈವ್ ತೆರೆಯುವ ಎನ್‌ಟಿಎಫ್‌ಎಸ್-3ಜಿ ಡ್ರೈವರ್ ಬರೆಯೋಕೆ ಬಿಡದೆ ಓದೋಕೆ ಮಾತ್ರ ತೆರೆದುಕೊಡುತ್ತೆ. ಅಂದರೆ ಆ ‘ರೀಡ್ ಓನ್ಲಿ’ ನಿಮ್ಮ ಫೋಟೊಗಳನ್ನು ಇಷ್ಟು ದಿನ ಕಾಪಾಡಿದೆ, ದಯವಿಟ್ಟು ಅದನ್ನು ಬಲವಂತವಾಗಿ ದಾಟಬೇಡಿ. ಲಿನಕ್ಸ್ ಕರ್ನಲ್ 5.15ರಲ್ಲಿ ಸೇರಿದ ಎನ್‌ಟಿಎಫ್‌ಎಸ್3 ಡ್ರೈವರ್ ಬಳಸುವವರಿಗೆ ಡ್ರೈವ್ ಮೌಂಟೇ ಆಗದೆ, ಅಂದರೆ ತೆರೆಯದೆಯೇ ಇರಬಹುದು.

ಮಾಡಬೇಕಾದದ್ದು ವಿಂಡೋಸ್ ಕಡೆಯಿಂದ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ತೆರೆದು, ಎಡಗಡೆ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಒತ್ತಿ. ಕೆಳಗಿನ ಆಯ್ಕೆಗಳು ಮಂಕಾಗಿ ಕಾಣುತ್ತವೆ. ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೇಲಬಲ್’ ಒತ್ತಿದರೆ ಅವು ಬದಲಾಯಿಸೋಕೆ ಸಿಗುತ್ತವೆ. ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಟಿಕ್ ತೆಗೆದು ಸೇವ್ ಮಾಡಿ, ಶಟ್‌ಡೌನ್ ಕೊಟ್ಟು ಮಿಂಟ್‌ಗೆ ಬನ್ನಿ.

ಹಳೇಡಿಸ್ಕ್:
ಕೀಲಿಮಣೆಯವರು ಹೇಳಿದ್ದು ಸರಿ, ಒಂದು ಮಾತು ಸೇರಿಸ್ತೀನಿ. ಟಿಕ್ ತೆಗೆದ ಮೇಲೂ ವಿಂಡೋಸ್‌ನಲ್ಲಿ ನೀವಾಗಿ ಹೈಬರ್ನೇಟ್ ಕೊಟ್ಟು ಮಿಂಟ್‌ಗೆ ಬಂದರೆ ಇದೇ ಕಥೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಇಳಿದಾಗ ತಾನಾಗಿಯೇ ಹೈಬರ್ನೇಟ್ ಆಗಬಹುದು. ಹೈಬರ್ನೇಟ್ ಬೇಡವೇ ಬೇಡ ಅನ್ನುವವರು ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಪವರ್‌ಸಿಎಫ್‌ಜಿ ಕಮಾಂಡ್‌ನಿಂದ ಅದನ್ನೇ ಆಫ್ ಮಾಡಬಹುದು. ಫಾಸ್ಟ್ ಸ್ಟಾರ್ಟಪ್ ಕೂಡ ಅದರ ಜೊತೆ ಹೋಗುತ್ತೆ, ಸಿ ಡ್ರೈವ್‌ನಲ್ಲಿ ಹೈಬರ್ನೇಟ್ ಫೈಲ್ ಹಿಡಿದಿದ್ದ ಹಲವು ಜಿಬಿ ಜಾಗವೂ ಸಿಗುತ್ತೆ.

ಅಳಿಲು:
ಟಿಕ್ ತೆಗೆದೆ, ಶಟ್‌ಡೌನ್ ಮಾಡಿ ಬಂದೆ, ಸೇವ್ ಆಯ್ತು! ವಿಂಡೋಸ್ ಶುರುವಾಗೋದು ಸ್ವಲ್ಪ ತಡ ಅನ್ನಿಸ್ತು, ಅಡ್ಡಿಯಿಲ್ಲ. ಇಬ್ಬರಿಗೂ ತುಂಬಾ ಧನ್ಯವಾದ. ಹಾಗಾದರೆ ಎನ್‌ಟಿಎಫ್‌ಎಸ್‌ಫಿಕ್ಸ್ ಯಾವಾಗ ಬೇಕಾಗುತ್ತೆ?

ಕೀಲಿಮಣೆ:
ಸಂತೋಷ. ಆ ಹೆಸರು ದಾರಿ ತಪ್ಪಿಸುತ್ತೆ. ಅದು ಕೆಲವು ಸಣ್ಣ ದೋಷಗಳನ್ನಷ್ಟೇ ಸರಿಮಾಡಿ, ಜರ್ನಲ್ (ಡ್ರೈವ್‌ನ ಬದಲಾವಣೆಗಳ ದಾಖಲೆ) ಖಾಲಿ ಮಾಡಿ, ಮುಂದಿನ ಸಲ ವಿಂಡೋಸ್ ಡಿಸ್ಕ್ ಪರೀಕ್ಷಿಸುವ ಹಾಗೆ ಗುರುತು ಹಾಕುತ್ತೆ. ನಿಜವಾದ ರಿಪೇರಿ ಮಾಡೋದು ವಿಂಡೋಸ್‌ನ ಸಿಎಚ್‌ಕೆಡಿಎಸ್‌ಕೆ ಅನ್ನೋ ಡಿಸ್ಕ್ ಪರೀಕ್ಷೆಯ ಕಮಾಂಡ್. ವಿಂಡೋಸ್ ಬೂಟ್ ಆಗ್ತಿರುವವರೆಗೂ ಅದನ್ನೇ ಬಳಸಿ. ಲಿನಕ್ಸ್‌ನಲ್ಲಿ ‘ರಿಮೂವ್ ಹೈಬರ್‌ಫೈಲ್’ ಅನ್ನೋ ಮೌಂಟ್ ಆಯ್ಕೆಯನ್ನೂ ಕೆಲವರು ಸೂಚಿಸ್ತಾರೆ. ವಿಂಡೋಸ್ ಉಳಿಸಿಟ್ಟ ಸ್ಥಿತಿಯನ್ನೇ ಅದು ಅಳಿಸಿಹಾಕುತ್ತೆ, ಅಲ್ಲಿ ಸೇವ್ ಆಗದ ಕೆಲಸ ಇದ್ದರೆ ಹೋದಂತೆಯೇ.

ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಆ ಟಿಕ್ ಮತ್ತೆ ಬಂದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಮತ್ತೆ, ಈಗ ಡ್ರೈವ್ ಚೆನ್ನಾಗಿ ತೆರೆಯುತ್ತಿರುವಾಗಲೇ ಆ ಫೋಟೊಗಳ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ಇವತ್ತೇ ಹಾಕಿಕೊಳ್ಳಿ.